ಕೋಡ್ ಯಾರ ಮನೇಲಿದೆ?

1/11

ಫೋಟೋದಲ್ಲಿರೋ ಬಿಲ್‌ನ ತಾರೀಖು ನೋಡಿ: 22-9-2025. ಕೈಬರಹದ ಬಿಲ್, ಕೆಳಗೆ ಕಾರ್ಬನ್ ಹಾಳೆ, ಅಕ್ಷರ ನನ್ನದೇ. ಮೆಟ್ರೋ ಓಡಾಡೋ ಏರಿಯಾದಲ್ಲಿ, ಕಂಪ್ಯೂಟರ್ ಇರೋ ಅಂಗಡಿಯೊಂದು ಕಾರ್ಬನ್ ಹಾಳೆಗೆ ಯಾಕೆ ವಾಪಸ್ ಹೋಯ್ತು? ಈ ಸಲದ ಸರಣಿ ಆ ಪ್ರಶ್ನೆಯಿಂದ ಶುರು. ಹನ್ನೊಂದು ಕಂತು ಇದೆ, ಟೀ ಹಿಡ್ಕೊಂಡು ಕೂತ್ಕೊಳ್ಳಿ.

ಅಂಗಡಿ ಇರೋದು ನಮ್ಮ ಗೋವಿಂದರಾಜನಗರದಲ್ಲೇ, ಮಾಗಡಿ ರಸ್ತೆಯಿಂದ ಎರಡು ಕ್ರಾಸ್ ಒಳಗೆ. ಹೆಸರು ಬೇಡ. ನೋಟ್‌ಬುಕ್, ಪೆನ್ಸಿಲ್, ರಬ್ಬರ್, ಜಾಮಿಟ್ರಿ ಬಾಕ್ಸ್‌ಗಳ ಹೋಲ್‌ಸೇಲ್. ಕಾಲೇಜು ಮುಗಿಸಿ ಮಧ್ಯಾಹ್ನ ಮೂರರಿಂದ ರಾತ್ರಿ ಎಂಟರವರೆಗೆ ನಾನು ಅಲ್ಲಿ ಬಿಲ್ ಹಾಕ್ತೀನಿ. 22ನೇ ತಾರೀಖು ನವರಾತ್ರಿಯ ಮೊದಲ ದಿನ. ಅವತ್ತೇ ಜಿಎಸ್‌ಟಿಯ ಹೊಸ ದರ ಜಾರಿಗೆ ಬಂತು. ಪೆನ್ಸಿಲ್, ನೋಟ್‌ಬುಕ್‌ಗೆ 12 ಪರ್ಸೆಂಟ್ ಇದ್ದದ್ದು ಸೊನ್ನೆ. ರಬ್ಬರ್‌ಗೆ 5 ಇದ್ದದ್ದು ಸೊನ್ನೆ. ಜಾಮಿಟ್ರಿ ಬಾಕ್ಸ್‌ಗೆ 12ರಿಂದ 5. ಮಕ್ಕಳ ಅಪ್ಪ ಅಮ್ಮಂದಿರಿಗೆ ಸಿಹಿ ಸುದ್ದಿ, ನಮ್ಮ ಬಿಲ್ಲಿಂಗ್ ಪ್ರೋಗ್ರಾಂಗೆ ಅಲ್ಲ.

ಜಾಮಿಟ್ರಿ ಬಾಕ್ಸ್‌ಗೆ 12 ತೆಗೆದು 5 ಹಾಕಿದೆ, ತಗೊಂಡ್ತು. ಪೆನ್ಸಿಲ್‌ಗೆ 12 ತೆಗೆದು 0 ಹಾಕಿದೆ. "ತೆರಿಗೆ ನಮೂದಿಸಿ" ಅಂತ ಕೆಂಪಕ್ಷರ. ಮತ್ತೆ 0 ಒತ್ತಿದೆ, ಮತ್ತೆ ಅದೇ ಕೆಂಪಕ್ಷರ. ಪ್ರೋಗ್ರಾಂ ಬರೆದವರು, ಸೊನ್ನೆ ಇದ್ದರೆ ಬಿಲ್ ಹಾಕೋನು ಮರೆತು ಖಾಲಿ ಬಿಟ್ಟಿದ್ದಾನೆ ಅಂತ ಲೆಕ್ಕ ಹಿಡಿದಿದ್ದರು. ಬರೆಯುವಾಗ ಅದು ಸರಿಯಾಗೇ ಇತ್ತು. ಈಗ ತಪ್ಪು. ತಿದ್ದಬೇಕಾದ್ದು ಬಹುಶಃ ಒಂದೇ ಸಾಲು.

ಆ ಸಾಲು ನಮ್ಮ ಅಂಗಡಿಯಲ್ಲಿ ಇರಲಿಲ್ಲ.

2/11

ಪ್ರೋಗ್ರಾಂ ಮಾಡಿಸಿದ್ದು 2018ರಲ್ಲಿ. ಆಗ ಮೂಡಲಪಾಳ್ಯದಲ್ಲಿ ರೂಮ್ ಮಾಡ್ಕೊಂಡಿದ್ದ ಒಬ್ಬ ಅಣ್ಣ ಕಾಂಟ್ರಾಕ್ಟ್ ಮೇಲೆ ಬರೆದುಕೊಟ್ಟದ್ದು. ಒಳ್ಳೆಯವರು. ದುಡ್ಡು ತಗೊಂಡು ಮಾಯ ಆದವರಲ್ಲ, 2021ರವರೆಗೂ ಪೆನ್‌ಡ್ರೈವ್ ಹಿಡ್ಕೊಂಡು ಬಂದು ರಿಪೇರಿ ಮಾಡಿಕೊಡ್ತಿದ್ದರು. ಆಮೇಲೆ ಪುಣೆಯಲ್ಲಿ ಕೆಲಸ ಸಿಕ್ಕಿ ಹೊರಟುಹೋದರು.

ಯಜಮಾನರು ಫೋನ್ ಮಾಡಿದರು. "ಏನಪ್ಪಾ, ಚೆನ್ನಾಗಿದ್ದೀಯಾ? ನಿನ್ನ ಪ್ರೋಗ್ರಾಂ ಸೊನ್ನೆ ತಗೊಳ್ತಿಲ್ಲ ಕಣೋ." ಅವರು ನಕ್ಕರು, "ಅಂಕಲ್, ಸಂಜೆ ಹುಡುಕಿ ಕಳಿಸ್ತೀನಿ" ಅಂದರು. ಮಾರನೇ ದಿನ ಒಂದು ಜಿಪ್ ಫೈಲ್ ಬಂತು. ಹೆಸರು ಬಿಲ್ಲಿಂಗ್ ಫೈನಲ್ 2. ನಿಮ್ಮ ಕಂಪ್ಯೂಟರ್‌ನಲ್ಲೂ ಇಂಥ 'ಫೈನಲ್ 2' ಹೆಸರಿನ ಫೈಲ್ ಇದ್ದೇ ಇರುತ್ತೆ, ಸುಳ್ಳು ಹೇಳಬೇಡಿ. ಒಳಗಿದ್ದ ಫೈಲ್‌ಗಳ ಕೊನೆಯ ತಾರೀಖು 2019. ಅಂಗಡಿಯಲ್ಲಿ ಓಡ್ತಿರೋ ಪ್ರೋಗ್ರಾಂ 2021ರದ್ದು. ನಡುವಿನ ಎರಡು ವರ್ಷದಲ್ಲಿ ಆದ ತಿದ್ದುಪಡಿಗಳೆಲ್ಲ ಅವರ ಹಳೇ ಲ್ಯಾಪ್‌ಟಾಪ್‌ನಲ್ಲಿದ್ದವು. ಲ್ಯಾಪ್‌ಟಾಪ್ ಮಾರಿದ್ದರು.

ಕಂಪ್ಯೂಟರ್ ಓದದೇ ಇರೋರಿಗೆ ಒಂದು ಮಾತು. ಪ್ರೋಗ್ರಾಂ ಬರೆಯುವವರು ಮನುಷ್ಯ ಓದೋ ಹಾಗೆ ಬರೆಯೋದು ಸೋರ್ಸ್ ಕೋಡ್. ಅದನ್ನ ಯಂತ್ರ ಓಡಿಸೋ ಹಾಗೆ ಮಾರ್ಪಡಿಸಿ ನಿಮ್ಮ ಕಂಪ್ಯೂಟರ್‌ಗೆ ಹಾಕಿಕೊಡೋದು ಬೇರೆ. ಒಬ್ಬಟ್ಟು ನಿಮ್ಮ ತಟ್ಟೆಯಲ್ಲಿದೆ ಅಂದ ಮಾತ್ರಕ್ಕೆ ಅದರ ಹೂರಣ ತೆಗೆದು ಬೆಲ್ಲ ಕಮ್ಮಿ ಮಾಡೋಕಾಗಲ್ಲ. ನಮ್ಮ ಹತ್ತಿರ ಇದ್ದದ್ದು ಒಬ್ಬಟ್ಟು.

ಕೋಡ್ ಎಲ್ಲಿ ಇರಬೇಕು, ಯಾರು ಯಾವಾಗ ಏನು ಬದಲಾಯಿಸಿದರು ಅಂತ ಬರೆದಿಡೋ ಪದ್ಧತಿಗೆ ಸೋರ್ಸ್ ಕಂಟ್ರೋಲ್ ಅಂತಾರೆ. ನಾನು ಬಿಕಾಂ, ಈ ಪದ ಕೇಳಿದ್ದೇ ಆ ವಾರ. ಆದರೆ ಹುಡುಕ್ತಾ ಹೋದ ಹಾಗೆ ಇದು ನಮ್ಮ ಸಬ್ಜೆಕ್ಟೇ ಅನ್ನಿಸ್ತು.

3/11

1972. ಅಮೆರಿಕದ ಬೆಲ್ ಲ್ಯಾಬ್ಸ್. ಮಾರ್ಕ್ ರೋಚ್‌ಕೈಂಡ್ ಅನ್ನೋ ಪ್ರೋಗ್ರಾಮರ್ ಐಬಿಎಂ ಯಂತ್ರದ ಮೇಲೆ ಒಂದು ವ್ಯವಸ್ಥೆ ಕಟ್ಟಿದರು. ಹೆಸರು ಸೋರ್ಸ್ ಕೋಡ್ ಕಂಟ್ರೋಲ್ ಸಿಸ್ಟಮ್, ಚಿಕ್ಕದಾಗಿ ಎಸ್‌ಸಿಸಿಎಸ್. ಮರುವರ್ಷ ಅದನ್ನ ಯುನಿಕ್ಸ್‌ಗೆ ಹೊಸದಾಗಿ ಬರೆದರು, 1975ರಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟಿಸಿದರು.

ಅದರ ತಂತ್ರ ಕೇಳಿ. ಫೈಲ್ ಬದಲಾದಾಗಲೆಲ್ಲ ಇಡೀ ನಕಲು ಇಡಲ್ಲ. ಹಿಂದಿನದಕ್ಕೂ ಇದಕ್ಕೂ ಇರೋ ವ್ಯತ್ಯಾಸ ಮಾತ್ರ ಇಡುತ್ತೆ. ಅದರ ಹೆಸರು ಡೆಲ್ಟಾ. ಪ್ರತಿ ಡೆಲ್ಟಾ ಜೊತೆ ಯಾರು ಮಾಡಿದ್ದು, ಯಾವಾಗ, ಯಾಕೆ ಅನ್ನೋದು ದಾಖಲು. ಹಳೇದು ಅಳಿಸಲ್ಲ. ಯಾವ ದಿನದ ರೂಪ ಬೇಕಾದರೂ ವಾಪಸ್ ತೆಗೆಯಬಹುದು.

ಇದನ್ನ ಓದಿದಾಗ ನನಗೆ ನೆನಪಾದದ್ದು ಪಿಯುಸಿಯ ಅಕೌಂಟೆನ್ಸಿ ಮೇಡಂ. ಲೆಡ್ಜರ್‌ನಲ್ಲಿ ವೈಟ್‌ನರ್ ಕಂಡರೆ ಅವರು ಆ ಪುಟವನ್ನೇ ವಾಪಸ್ ಕೊಡ್ತಿದ್ದರು. ತಪ್ಪಾದರೆ ಒಂದು ಗೆರೆ ಎಳೆದು, ಕೆಳಗಿನದು ಕಾಣೋ ಹಾಗೆ ಬಿಟ್ಟು, ಪಕ್ಕದಲ್ಲಿ ಸಹಿ ಹಾಕಬೇಕು. ದೊಡ್ಡ ತಪ್ಪಾದರೆ ತಿದ್ದುವ ಜರ್ನಲ್ ಎಂಟ್ರಿ ಬೇರೆ ಹಾಕಬೇಕು, ಅದರ ಕೆಳಗೆ ಕಾರಣ ಬರೆಯಬೇಕು. ತಪ್ಪೂ ದಾಖಲೆಯಲ್ಲಿ ಉಳಿಯಬೇಕು ಅನ್ನೋದು ಲೆಕ್ಕದವರ ಹಳೇ ನಿಯಮ. ಪ್ರೋಗ್ರಾಮರ್‌ಗಳು ಅದಕ್ಕೆ ಯಂತ್ರ ಮಾಡಿಕೊಂಡದ್ದು 1972ರಲ್ಲಿ.

ಎಸ್‌ಸಿಸಿಎಸ್‌ನಲ್ಲಿ ಬೀಗದ ಪದ್ಧತಿ ಇತ್ತು. ಒಂದು ಫೈಲನ್ನ ತಿದ್ದೋಕೆ ಒಬ್ಬರು ತಗೊಂಡರೆ ಅವರು ವಾಪಸ್ ಕೊಡೋವರೆಗೆ ಇನ್ನೊಬ್ಬರಿಗೆ ಇಲ್ಲ. ಲೈಬ್ರರಿ ಪುಸ್ತಕದ ಹಾಗೆ. ಎಲ್ಲರೂ ಒಂದೇ ಕಟ್ಟಡದಲ್ಲಿ, ಒಂದೇ ಸಂಬಳದ ಪಟ್ಟಿಯಲ್ಲಿ ಇದ್ದಾಗ ಇದು ನಡೆಯುತ್ತೆ. ಪಕ್ಕದ ಮೇಜಿಗೆ ಹೋಗಿ "ಮುಗೀತಾ ಸಾರ್?" ಅಂತ ಕೇಳಬಹುದು.

4/11

ಈ ಕಂತು ಚಿಕ್ಕದು, ಆದರೆ ನನಗೆ ಇಷ್ಟವಾದದ್ದು.

1982ರ ಹೊತ್ತಿಗೆ ಪರ್ಡ್ಯೂ ವಿಶ್ವವಿದ್ಯಾಲಯದ ವಾಲ್ಟರ್ ಟಿಕಿ ಆರ್‌ಸಿಎಸ್ ಮಾಡಿದರು. ಅದು ಇತ್ತೀಚಿನ ರೂಪವನ್ನ ಪೂರ್ತಿ ಇಟ್ಟು ಹಿಂದಿನವನ್ನ ವ್ಯತ್ಯಾಸವಾಗಿ ಇಡುತ್ತೆ, ಹಾಗಾಗಿ ವೇಗ. ಬೀಗ ಮಾತ್ರ ಹಾಗೇ ಇತ್ತು.

ಬೀಗದ ತೊಂದರೆ ತೀರಿದ್ದು ಆಂಸ್ಟರ್‌ಡ್ಯಾಮ್‌ನಲ್ಲಿ. ಡಿಕ್ ಗ್ರೂನ್ ಅನ್ನೋ ಮೇಷ್ಟ್ರು ಇಬ್ಬರು ವಿದ್ಯಾರ್ಥಿಗಳ ಜೊತೆ ಒಂದು ಸಿ ಕಂಪೈಲರ್ ಮೇಲೆ ಕೆಲಸ ಮಾಡ್ತಿದ್ದರು. ಒಬ್ಬ ವಿದ್ಯಾರ್ಥಿ ಒಂಬತ್ತರಿಂದ ಐದು, ಗಡಿಯಾರದ ಹಾಗೆ. ಇನ್ನೊಬ್ಬನಿಗೆ ಹೊತ್ತುಗೊತ್ತಿಲ್ಲ. ಮೇಷ್ಟ್ರಿಗೆ ಬಿಡುವು ಸಿಗೋದು ಸಂಜೆ ಮಾತ್ರ. ಬೀಗ ಹಾಕಿದರೆ ಕೆಲಸ ಸಾಗಲ್ಲ. ಅದಕ್ಕೆ ಅವರು ಮಾಡಿದ್ದು ಏನು? ಎಲ್ಲರೂ ತಮ್ಮ ತಮ್ಮ ನಕಲು ತಗೊಳ್ಳಿ, ಏಕಕಾಲಕ್ಕೆ ತಿದ್ದಿ, ಆಮೇಲೆ ಕೂಡಿಸೋಣ, ಇಬ್ಬರೂ ಒಂದೇ ಸಾಲು ಮುಟ್ಟಿದ್ದರೆ ಮಾತ್ರ ಕೂತು ಮಾತಾಡೋಣ. 1986ರಲ್ಲಿ ಇದನ್ನ ಎಲ್ಲರಿಗೂ ಹಂಚಿದರು. ಅದೇ ಸಿವಿಎಸ್.

ಮೂರು ಜನರ ಟೈಮ್‌ಟೇಬಲ್ ಹೊಂದದೇ ಇದ್ದದ್ದಕ್ಕೆ ಹುಟ್ಟಿದ್ದು. ಆದರೆ ಅದೇ ಕಾಲಕ್ಕೆ ಜಗತ್ತಿನ ಇನ್ನೊಂದು ಕಡೆ ಒಂದು ಊರು, ಸುಮಾರು ಹನ್ನೊಂದು ಗಂಟೆ ವ್ಯತ್ಯಾಸದ ಟೈಮ್‌ಟೇಬಲ್ ಮೇಲೆ ಬದುಕೋಕೆ ಸಿದ್ಧ ಆಗ್ತಿತ್ತು.

5/11

ಬೆಂಗಳೂರಿನ ಸಾಫ್ಟ್‌ವೇರ್ ಕಥೆಯಲ್ಲಿ ಎರಡು ಬಾಗಿಲಿವೆ. ಒಂದು ಕಾಂಟ್ರಾಕ್ಟ್ ಬಾಗಿಲು, ಇನ್ನೊಂದು ಮನೆಯವರ ಬಾಗಿಲು.

ಕಾಂಟ್ರಾಕ್ಟ್ ಬಾಗಿಲು: 1981ರಲ್ಲಿ ಪುಣೆಯಲ್ಲಿ ಏಳು ಜನ ಸೇರಿ ಇನ್ಫೋಸಿಸ್ ಶುರು ಮಾಡಿದರು. ಮೊದಲ ಗಿರಾಕಿ ನ್ಯೂಯಾರ್ಕ್‌ನ ಡೇಟಾ ಬೇಸಿಕ್ಸ್ ಕಾರ್ಪೊರೇಶನ್. ಇಲ್ಲಿ ಕಂಪ್ಯೂಟರ್ ತರಿಸೋದೇ ಲೈಸೆನ್ಸು ಪರ್ಮಿಟ್‌ಗಳ ಗೋಳು, ಹಾಗಾಗಿ ಎಂಜಿನಿಯರ್‌ಗಳು ಅಲ್ಲಿಗೇ ಹೋಗಿ ಕೆಲಸ ಮಾಡಬೇಕಿತ್ತು. 1983ರಲ್ಲಿ ಕಂಪನಿ ಬೆಂಗಳೂರಿಗೆ ಬಂತು. ಇಲ್ಲಿನ ಗಿರಾಕಿ ಮೈಕೋ. ಯೋಚನೆ ಮಾಡಿ, ಗಿರಾಕಿಯ ಯಂತ್ರದ ಮುಂದೆ ಕೂತು ಬರೆದ ಕೋಡ್ ಗಿರಾಕಿಯ ಮನೆಯಲ್ಲೇ ಉಳಿಯುತ್ತೆ. ಬರೆದವರು ಅನುಭವ ಒಂದನ್ನ ಹೊತ್ಕೊಂಡು ವಾಪಸ್ ಬರ್ತಾರೆ.

ಮನೆಯವರ ಬಾಗಿಲು: 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕೇಂದ್ರ ತೆರೀತು. ಅದರ ಉಪಗ್ರಹ ಸಂಪರ್ಕದ ಸಾಮಾನನ್ನ ಎತ್ತಿನ ಗಾಡಿಯಲ್ಲಿ ಸಾಗಿಸಿದ ಫೋಟೋ ನೀವು ನೋಡಿರ್ತೀರ, ಈ ಪೇಜ್‌ನಲ್ಲೂ ಹಾಕಿದ್ದೆ. ಅಲ್ಲಿ ಕೆಲಸ ಮಾಡೋರು ಕಾಂಟ್ರಾಕ್ಟಿನವರಲ್ಲ, ಕಂಪನಿಯ ಸ್ವಂತ ಎಂಜಿನಿಯರ್‌ಗಳು. ಸಮುದ್ರದಾಚೆ ಇದ್ದರೂ ಮನೆಯವರೇ. ಇಲ್ಲಿ ಒಬ್ಬರು ಫೈಲ್‌ಗೆ ಬೀಗ ಹಾಕಿ ಮರೆತು ಮನೆಗೆ ಹೋದರೆ ಟೆಕ್ಸಾಸಿನವರ ಇಡೀ ಹಗಲು ದಂಡ. ಪಕ್ಕದ ಮೇಜಿಗೆ ಹೋಗಿ ಕೇಳೋ ಹಾಗಿಲ್ಲ.

ಮೂರನೇ ಬಾಗಿಲೂ ಒಂದಿದೆ, ಅದು ಪಕ್ಕಾ ಬಿಕಾಂ ಬಾಗಿಲು. 1986ರಲ್ಲಿ ಎಸ್.ಎಸ್. ಗೋಯೆಂಕಾ ತಮ್ಮ ವ್ಯಾಪಾರದ ಲೆಕ್ಕಕ್ಕೆ ತಕ್ಕ ಸಾಫ್ಟ್‌ವೇರ್ ಸಿಗದೆ ಮಗ ಭರತ್‌ಗೆ ಬರೆಯೋಕೆ ಹೇಳಿದರು. ಅದೇ ಮುಂದೆ ಟ್ಯಾಲಿ. ಮನೆಯ ಮಗನೇ ಪ್ರೋಗ್ರಾಮರ್ ಆದರೆ ಕೋಡ್ ಎಲ್ಲಿದೆ ಅನ್ನೋ ಪ್ರಶ್ನೆ ಬರಲ್ಲ. ಎಲ್ಲ ಅಂಗಡಿಗೂ ಅಂಥ ಮಗ ಹುಟ್ಟಲ್ಲ, ಅಷ್ಟೇ.

6/11

1991ರಲ್ಲಿ ಕೇಂದ್ರ ಸರ್ಕಾರ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ ಸ್ಥಾಪಿಸ್ತು. ಸ್ವಂತ ಡಿಶ್ ಹಾಕಿಸೋ ತಾಕತ್ತಿಲ್ಲದ ಕಂಪನಿಗೂ ಉಪಗ್ರಹ ಸಂಪರ್ಕ ಸಿಕ್ತು. ಇನ್ನು ಜನ ಹೋಗಬೇಕಿಲ್ಲ, ಕೆಲಸವೇ ಬರುತ್ತೆ. ಬೆರಳು ಇಲ್ಲಿ, ಕೋಡ್ ಅಲ್ಲಿ.

ಆಮೇಲೆ ಬಂದದ್ದು ವೈಟುಕೆ. ಹಳೇ ಪ್ರೋಗ್ರಾಂಗಳು ವರ್ಷಕ್ಕೆ ಎರಡೇ ಅಂಕಿ ಇಟ್ಟಿದ್ದವು, 2000 ಬಂದರೆ 1900 ಅಂದುಕೊಳ್ಳೋ ಭಯ. ಅಮೆರಿಕದ ಬ್ಯಾಂಕು, ವಿಮಾ ಕಂಪನಿಗಳ ಕೋಬಾಲ್ ಕೋಡ್‌ಗಳನ್ನ ಸಾಲುಸಾಲು ಓದಿ ತಿದ್ದಿದವರಲ್ಲಿ ನಮ್ಮೂರಿನವರು ಬಹಳ. ಆ ಕೋಡ್ ಬರೆದ ಮನೆಯವರು ಎಷ್ಟೋ ಜನ ಆಗಲೇ ನಿವೃತ್ತರು. ಪ್ಯಾನ್‌ವ್ಯಾಲೆಟ್‌ನಂಥ ಸಲಕರಣೆ ಬಳಸಿ ಸೋರ್ಸ್ ಜೋಪಾನವಾಗಿ ಇಟ್ಟ ಕಂಪನಿಗಳಿದ್ದವು. ಇಡದವೂ ಇದ್ದವು. ಓಡ್ತಿರೋ ಪ್ರೋಗ್ರಾಂ ಒಂದು, ಕಪಾಟಿನಲ್ಲಿರೋ ಸೋರ್ಸ್ ಇನ್ನೊಂದು, ಎರಡಕ್ಕೂ ತಾಳೆ ಇಲ್ಲ. ಕೆಲವು ಕಡೆ ಸೋರ್ಸೇ ಇಲ್ಲ.

ಬಿಲ್ಲಿಂಗ್ ಫೈನಲ್ 2 ನೆನಪಾಯ್ತಾ? ನಮ್ಮ ಪೆನ್ಸಿಲ್ ಅಂಗಡಿಯ ಕಾಯಿಲೆ ದೊಡ್ಡವರ ಮನೆಯಲ್ಲೂ ಇತ್ತು ಅಂತ ತಿಳಿದಾಗ ಯಜಮಾನರಿಗೆ ಹೇಳಿದೆ. "ಅವರ ಹತ್ತಿರ ದುಡ್ಡಿತ್ತಲ್ಲ, ಬೆಂಗಳೂರಿನವರನ್ನ ಕರೆಸಿದರು. ನಾನು ಯಾರನ್ನ ಕರೆಸಲಿ?" ಅಂದರು. ಉತ್ತರ ಗೊತ್ತಾಗಲಿಲ್ಲ.

ಒಂದು ಅನ್ನಿಸಿಕೆ ಹೇಳಿಬಿಡ್ತೀನಿ. ವೈಟುಕೆ ಅಂದರೆ ನಮ್ಮಲ್ಲಿ ಹೆಮ್ಮೆಯ ಕಥೆ. ಹೌದು, ಹೆಮ್ಮೆ ಪಡಬೇಕಾದ್ದೇ. ಆದರೆ ಆ ದುಡಿಮೆ ಬಿಲ್ ಆದದ್ದು ಜನ ಮತ್ತು ಗಂಟೆಗಳ ಲೆಕ್ಕದಲ್ಲಿ. ತಿದ್ದಿದ ಕೋಡ್ ಗಿರಾಕಿಯ ಆಸ್ತಿ, ನಮ್ಮ ಬ್ಯಾಲೆನ್ಸ್ ಶೀಟ್‌ನಲ್ಲಿ ಅದಕ್ಕೆ ಸಾಲಿಲ್ಲ.

7/11

ಈಗ ಕರ್ನಾಟಕದ್ದೇ ಒಂದು ಉದಾಹರಣೆ. ಇದು ಪ್ರೋಗ್ರಾಂ ಕೋಡ್‌ಗಿಂತ ಹೆಚ್ಚಾಗಿ ದಾಖಲೆಯ ಕಥೆ, ಆದರೆ ಮನೆಯವರು, ಕಾಂಟ್ರಾಕ್ಟಿನವರು ಒಟ್ಟಿಗೆ ಒಂದೇ ಕಡತ ಮುಟ್ಟಿದರೆ ಏನು ಮಾಡಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಪಾಠ ನನಗೆ ಸಿಗಲಿಲ್ಲ.

ಹಳ್ಳಿಯ ಜಮೀನಿನ ಲೆಕ್ಕ ಹಿಂದೆ ಶಾನುಭೋಗರ ಕೈಲಿತ್ತು. ವಂಶಪಾರಂಪರ್ಯ. ಪುಸ್ತಕ ಅವರ ಮನೆಯಲ್ಲೇ. ವಂಶದ ಹಕ್ಕು ರದ್ದಾದದ್ದು 1961ರ ಕಾಯ್ದೆಯಿಂದ, ಆಮೇಲೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಪಹಣಿ ಆಗಲೂ ಕೈಬರಹವೇ, ಒಬ್ಬರ ಚೀಲದಲ್ಲೇ. ಅದರಲ್ಲಿ ಒಂದು ಸಾಲು ತಿದ್ದಿದರೆ ಯಾರು ತಿದ್ದಿದ್ದು ಅಂತ ರೈತನಿಗೆ ತಿಳಿಯೋ ದಾರಿ ಕಷ್ಟ.

1991ರಲ್ಲಿ ಗುಲ್ಬರ್ಗ ಜಿಲ್ಲೆಯಲ್ಲಿ ಕಂಪ್ಯೂಟರೀಕರಣದ ಮೊದಲ ಪ್ರಯತ್ನ ಆಯ್ತು, ಫಲ ಕೊಡಲಿಲ್ಲ. 2000ದ ಸುಮಾರಿಗೆ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಉಸ್ತುವಾರಿಯಲ್ಲಿ 'ಭೂಮಿ' ನಡೀತು. ಸಾಫ್ಟ್‌ವೇರ್ ಬರೆದದ್ದು ಸರ್ಕಾರದ್ದೇ ಆದ ಎನ್‌ಐಸಿ, ಅಂದರೆ ಮನೆಯವರು. ಸುಮಾರು 2 ಕೋಟಿ ಪಹಣಿಗಳನ್ನ, 67 ಲಕ್ಷ ಭೂಮಾಲೀಕರ ಲೆಕ್ಕವನ್ನ ಟೈಪ್ ಮಾಡಿದ್ದು ಖಾಸಗಿ ಏಜೆನ್ಸಿಗಳು, ಅಂದರೆ ಕಾಂಟ್ರಾಕ್ಟಿನವರು. ಟೈಪ್ ಕೆಲಸ ನಡೆದದ್ದು ತಾಲ್ಲೂಕು ಕಚೇರಿಗಳಲ್ಲೇ. ಮೂಲ ಪುಸ್ತಕ ಹೊರಗೆ ಹೋಗಲಿಲ್ಲ ಅನ್ನೋದು ಗಮನಿಸಿ. ಪ್ರಿಂಟ್ ತೆಗೆದು ಗ್ರಾಮ ಲೆಕ್ಕಿಗರು ಮೂಲದ ಜೊತೆ ತಾಳೆ ನೋಡಿದ ಮೇಲೇ ಅದು ದಾಖಲೆ.

ಮ್ಯುಟೇಶನ್‌ಗೂ ಅಷ್ಟೇ. ಅರ್ಜಿ, ನೋಟಿಸ್, ಆಕ್ಷೇಪಣೆಗೆ ಆಗ 30 ದಿನ, ಆಮೇಲೆ ಕಂದಾಯ ನಿರೀಕ್ಷಕರ ಒಪ್ಪಿಗೆ. ಕಂಪ್ಯೂಟರ್ ಮುಟ್ಟೋ ಸಿಬ್ಬಂದಿ ಪಾಸ್‌ವರ್ಡ್ ಬದಲು ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು, 'ನನ್ನ ಪಾಸ್‌ವರ್ಡ್ ಯಾರೋ ಕದ್ದರು' ಅನ್ನೋ ಹಾಗಿಲ್ಲ. ಕಂಪ್ಯೂಟರ್ ಪಹಣಿ ಬಂದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂತ ಆದೇಶ ಮಾಡಿದರು. ಆಗ 15 ರೂಪಾಯಿ ಕೊಟ್ಟರೆ ಕೌಂಟರ್‌ನಲ್ಲಿ ಪಹಣಿ.

ಭೂಮಿ ಎಲ್ಲ ಲಂಚ ಓಡಿಸ್ತು ಅಂತ ನಾನು ಹೇಳ್ತಿಲ್ಲ, ತಾಲ್ಲೂಕು ಕಚೇರಿಗೆ ಅಲೆದವರು ನಕ್ಕುಬಿಡ್ತಾರೆ. ಬರೆಯೋನು ಒಬ್ಬ, ತಾಳೆ ನೋಡೋನು ಇನ್ನೊಬ್ಬ, ಒಪ್ಪೋನು ಮತ್ತೊಬ್ಬ, ಮೂವರ ಗುರುತೂ ಉಳಿಯುತ್ತೆ. ಇದನ್ನ ನೆನಪಿಟ್ಟುಕೊಳ್ಳಿ, ಒಂಬತ್ತನೇ ಕಂತಿಗೆ ಬೇಕು.

8/11

ಮನೆಯವರೂ ಬಾಡಿಗೆಗೆ ಇರಬಹುದು. ಲಿನಕ್ಸ್ ಕಥೆ ಅದು.

ಲಿನಕ್ಸ್ ಕರ್ನೆಲ್ ಬರೆಯೋರು ಜಗತ್ತಿನಾದ್ಯಂತ ಹರಡಿಕೊಂಡವರು. ಕೆಲವರು ಕಂಪನಿಯ ಸಂಬಳದಲ್ಲಿ, ಕೆಲವರು ಬಿಡುವಿನ ಹೊತ್ತಿನಲ್ಲಿ. 2002ರಿಂದ ಅವರು ಬಿಟ್‌ಕೀಪರ್ ಅನ್ನೋ ಸೋರ್ಸ್ ಕಂಟ್ರೋಲ್ ಬಳಸ್ತಿದ್ದರು. ಅದು ಲ್ಯಾರಿ ಮ್ಯಾಕ್‌ವಾಯ್ ಅವರ ಕಂಪನಿಯ ಆಸ್ತಿ. ಷರತ್ತಿನ ಮೇಲೆ ಉಚಿತ. ಕೋಡ್ ಎಲ್ಲರದು, ಅದನ್ನಿಡೋ ಕಪಾಟು ಮಾತ್ರ ಇನ್ನೊಬ್ಬರದು. ಇದು ಸರಿಯಲ್ಲ ಅಂತ ಆಗಲೇ ಜಗಳ ಇತ್ತು.

2005ರಲ್ಲಿ ಆಂಡ್ರ್ಯೂ ಟ್ರಿಜೆಲ್ ಬಿಟ್‌ಕೀಪರ್ ಜೊತೆ ಮಾತಾಡಬಲ್ಲ ತಮ್ಮದೇ ಸಲಕರಣೆ ಬರೆಯೋಕೆ ಹೊರಟರು. ಮ್ಯಾಕ್‌ವಾಯ್‌ಗೆ ಕೋಪ ಬಂತು, ಉಚಿತ ಬಳಕೆ ನಿಲ್ಲಿಸಿದರು. ಮನೆ ಖಾಲಿ ಮಾಡಿ ಅಂದ ಹಾಗೆ. ಬೆಂಗಳೂರಿನ ಬಾಡಿಗೆದಾರರಿಗೆ ಈ ಸಂಕಟ ವಿವರಿಸಬೇಕಿಲ್ಲ.

ಲಿನಸ್ ಟೊರ್ವಾಲ್ಡ್ಸ್ ಬೇರೆ ಬಾಡಿಗೆ ಮನೆ ಹುಡುಕಲಿಲ್ಲ. ಏಪ್ರಿಲ್ 3ಕ್ಕೆ ಹೊಸದನ್ನ ಬರೆಯೋಕೆ ಕೂತರು. ಏಪ್ರಿಲ್ 7ಕ್ಕೆ ಅದು ತನ್ನ ಕೋಡನ್ನ ತಾನೇ ಇಟ್ಟುಕೊಳ್ಳುವಷ್ಟು ಆಗಿತ್ತು. ಹೆಸರು ಗಿಟ್. ಜೂನ್‌ನಲ್ಲಿ ಬಂದ ಲಿನಕ್ಸ್ 2.6.12 ಅದರ ಮೇಲೇ ತಯಾರಾಯ್ತು. ಜುಲೈನಲ್ಲಿ ಉಸ್ತುವಾರಿಯನ್ನ ಜುನಿಯೊ ಹಮಾನೊಗೆ ಒಪ್ಪಿಸಿದರು. ಬಿಟ್‌ಕೀಪರ್ ಕೂಡ 2016ರಲ್ಲಿ ಮುಕ್ತವಾಯ್ತು. ಆಗ ಅದನ್ನ ಕೇಳೋರೇ ಕಡಿಮೆ.

9/11

ಗಿಟ್ ಒಂದು ದೊಡ್ಡ ವಿಷಯ ಬದಲಾಯಿಸ್ತು. ಸಿವಿಎಸ್‌ನಂಥ ಹಿಂದಿನ ಪದ್ಧತಿಗಳಲ್ಲಿ ಪೂರ್ತಿ ಇತಿಹಾಸ ಒಂದೇ ಸರ್ವರ್‌ನಲ್ಲಿ. ಗಿಟ್‌ನಲ್ಲಿ ನಕಲು ತಗೊಂಡ ಪ್ರತಿಯೊಬ್ಬರ ಹತ್ತಿರವೂ ಮೊದಲ ದಿನದಿಂದ ಇವತ್ತಿನವರೆಗಿನ ಪೂರ್ತಿ ಇತಿಹಾಸ. ನಮ್ಮ ಅಂಗಡಿಗೆ ಇದು ವರ, ಯಾಕಂದರೆ ಒಂದು ಲ್ಯಾಪ್‌ಟಾಪ್ ಮಾರಿದರೂ ಇನ್ನೊಂದು ಕಡೆ ಎಲ್ಲ ಇರುತ್ತೆ.

ಆದರೆ ದೊಡ್ಡ ಕಂಪನಿಗೆ ಇದೇ ತಲೆನೋವು. ಮೂರು ತಿಂಗಳ ಕಾಂಟ್ರಾಕ್ಟ್ ಮೇಲೆ ಬಂದವರಿಗೆ ಯಾವ ಕೋಣೆಯ ಬೀಗದ ಕೈ ಕೊಡಬೇಕು? 2004ರಲ್ಲಿ 1.0 ಆದ ಸಬ್‌ವರ್ಶನ್‌ನಲ್ಲಿ ಈ ಫೋಲ್ಡರ್ ನೋಡಬಹುದು, ಆ ಫೋಲ್ಡರ್ ಬೇಡ ಅಂತ ಕಟ್ಟುನಿಟ್ಟು ಮಾಡಬಹುದಿತ್ತು. ಗಿಟ್‌ನಲ್ಲಿ ಒಂದು ಭಂಡಾರದ ಬಾಗಿಲು ತೆರೆದರೆ ಒಳಗಿನದೆಲ್ಲ ಕಂಡಂತೆ. ಹಳೇ ಪಾಸ್‌ವರ್ಡ್ ಯಾರೋ ಮರೆತು ಕೋಡ್‌ನಲ್ಲಿ ಬರೆದು, ಆಮೇಲೆ ಅಳಿಸಿದ್ದರೂ ಇತಿಹಾಸದಲ್ಲಿ ಇರುತ್ತೆ. ಅದಕ್ಕೆ ಕೆಲವರು ಭಂಡಾರವನ್ನೇ ತುಂಡು ಮಾಡಿ, ಹೊರಗಿನವರಿಗೆ ಬೇಕಾದ ತುಂಡು ಮಾತ್ರ ಕೊಡ್ತಾರೆ.

2008ರಲ್ಲಿ ಶುರುವಾದ ಗಿಟ್‌ಹಬ್ 'ಪುಲ್ ರಿಕ್ವೆಸ್ಟ್' ಪದ್ಧತಿಯನ್ನ ಮನೆಮಾತು ಮಾಡ್ತು. ಹೊರಗಿನವರು ತಮ್ಮ ನಕಲಿನಲ್ಲಿ ತಿದ್ದಿ "ಇದನ್ನ ಸೇರಿಸ್ಕೊಳ್ಳಿ" ಅಂತ ಅರ್ಜಿ ಹಾಕ್ತಾರೆ. ಮನೆಯವರು ಸಾಲುಸಾಲು ನೋಡಿ, ಆಕ್ಷೇಪಣೆ ಬರೆದು, ಸರಿಯಾದ ಮೇಲೆ ಸೇರಿಸ್ತಾರೆ. ಅರ್ಜಿ, ಆಕ್ಷೇಪಣೆ, ಒಪ್ಪಿಗೆ. ತಾಲ್ಲೂಕು ಕಚೇರಿ ನೆನಪಾಗಲಿಲ್ಲವಾ?

ನಮ್ಮ ಬೀದಿಯಲ್ಲಿ ಸಾಫ್ಟ್‌ವೇರ್‌ಗೆ ಹೋಗೋ ಅಕ್ಕ ಒಬ್ಬರಿದ್ದಾರೆ, ಕಾಂಟ್ರಾಕ್ಟ್ ಮೇಲೆ. ಅವರ ಕೊರಳಿನ ಟ್ಯಾಗ್ ಬಣ್ಣವೇ ಬೇರೆಯಂತೆ, ಕೆಲವು ಮೀಟಿಂಗ್‌ಗೆ ಕರೆಯಲ್ವಂತೆ. "ಆದರೆ ಕೋಡ್‌ನ ಇತಿಹಾಸದಲ್ಲಿ ಟ್ಯಾಗ್ ಬಣ್ಣ ಇರಲ್ಲ ಕಣೋ, ಹೆಸರಷ್ಟೇ ಇರುತ್ತೆ" ಅಂದರು. ಕಾಂಟ್ರಾಕ್ಟ್ ಮುಗಿದ ಮೇಲೂ ಆ ಹೆಸರು ಅಲ್ಲೇ ಇರುತ್ತೆ. ಸಂಬಳದ ಪಟ್ಟಿಯಲ್ಲಿ ಇರಲ್ಲ.

10/11

ಕಾಮಾಕ್ಷಿಪಾಳ್ಯದ ಕಡೆ ಹೋಗಿದ್ದೀರಾ? ನಮ್ಮಿಂದ ಸ್ವಲ್ಪ ಮುಂದೆ. ಸಣ್ಣ ಸಣ್ಣ ವರ್ಕ್‌ಶಾಪ್‌ಗಳು, ಲೇತ್ ಸದ್ದು. ಅಲ್ಲಿ ನಡೆಯೋದು ಹೆಚ್ಚಾಗಿ ಜಾಬ್ ವರ್ಕ್. ದೊಡ್ಡ ಫ್ಯಾಕ್ಟರಿ ಕಬ್ಬಿಣ ಮತ್ತು ಡ್ರಾಯಿಂಗ್ ಕಳಿಸುತ್ತೆ, ಇವರು ಕೆತ್ತಿ ವಾಪಸ್ ಕೊಡ್ತಾರೆ. ಸಾಮಾನು ಚಲನ್ ಮೇಲೆ ಹೋಗಬೇಕು. ಜಿಎಸ್‌ಟಿ ಕಾಯ್ದೆಯ 143ನೇ ಸೆಕ್ಷನ್ ಪ್ರಕಾರ ಒಂದು ವರ್ಷದೊಳಗೆ ವಾಪಸ್ ಬರಬೇಕು, ಯಂತ್ರವಾದರೆ ಮೂರು ವರ್ಷ. ಡ್ರಾಯಿಂಗ್ ಮೇಲೆ ಎಷ್ಟನೇ ತಿದ್ದುಪಡಿ ಅಂತ ಗುರುತು ಇರುತ್ತೆ. ಹಳೇ ಡ್ರಾಯಿಂಗ್ ನೋಡಿ ಕೆತ್ತಿದರೆ ಮಾಲು ರಿಜೆಕ್ಟ್.

ಮೂಟೆ ಕಬ್ಬಿಣಕ್ಕೆ ಇಷ್ಟು ಶಿಸ್ತು. ನಮ್ಮ ಅಂಗಡಿಯ ಕೋಡ್‌ಗೆ ಚಲನ್ ಇರಲಿಲ್ಲ, ತಿದ್ದುಪಡಿಯ ನಂಬರ್ ಇರಲಿಲ್ಲ.

ಕಾನೂನು ಏನು ಹೇಳುತ್ತೆ? 1957ರ ಕಾಪಿರೈಟ್ ಕಾಯ್ದೆಗೆ 1984ರಲ್ಲಿ ತಿದ್ದುಪಡಿ ತಂದು ಕಂಪ್ಯೂಟರ್ ಪ್ರೋಗ್ರಾಂ ಅನ್ನ ಸಾಹಿತ್ಯ ಕೃತಿ ಅಂತ ಸೇರಿಸಿದರು. ಹೌದು, ಬಿಲ್ಲಿಂಗ್ ಪ್ರೋಗ್ರಾಂ ಕೂಡ ಸಾಹಿತ್ಯ! 17ನೇ ಸೆಕ್ಷನ್: ನೌಕರ ತನ್ನ ಕೆಲಸದ ಭಾಗವಾಗಿ ಬರೆದದ್ದರ ಮೊದಲ ಮಾಲೀಕ ಕೆಲಸ ಕೊಟ್ಟವನು, ಬೇರೆ ಒಪ್ಪಂದ ಇಲ್ಲದಿದ್ದರೆ. ಸ್ವತಂತ್ರವಾಗಿ ಕಾಂಟ್ರಾಕ್ಟ್ ಮೇಲೆ ಬರೆದವನು ಆ ಅರ್ಥದಲ್ಲಿ ನೌಕರ ಅಲ್ಲ. ಹಾಗಾಗಿ ಅವನು ಬರೆದದ್ದು ಸಾಮಾನ್ಯವಾಗಿ ಅವನದೇ, ಬರವಣಿಗೆಯಲ್ಲಿ ಸಹಿ ಮಾಡಿ ವರ್ಗಾಯಿಸೋವರೆಗೆ. 19ನೇ ಸೆಕ್ಷನ್: ವರ್ಗಾವಣೆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದೇ ವರ್ಷ. ಎಲ್ಲೆ ಬರೆಯದಿದ್ದರೆ ಭಾರತ ಮಾತ್ರ.

ಬಿಸಿನೆಸ್ ಲಾ ಕ್ಲಾಸಿನಲ್ಲಿ 'ಕಾಂಟ್ರಾಕ್ಟ್ ಆಫ್ ಸರ್ವಿಸ್', 'ಕಾಂಟ್ರಾಕ್ಟ್ ಫಾರ್ ಸರ್ವಿಸ್' ಅಂತ ಬಾಯಿಪಾಠ ಮಾಡಿದ್ದೆ, ಐದು ಮಾರ್ಕಿನ ಪ್ರಶ್ನೆ. ಯಜಮಾನರು ಕೇಳಿದ್ದು, "ದುಡ್ಡು ಕೊಟ್ಟಿದ್ದು ನಾನು, ನನ್ನದಲ್ವಾ?" ಅಂತ. ನಾನು ಕಾಯ್ದೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ" ಅಂದರು. ನನಗೂ ಹಾಗೇ ಅನ್ನಿಸುತ್ತೆ, ಇಲ್ಲಿ ಖಳನಾಯಕ ಇಲ್ಲ. 2018ರಲ್ಲಿ ಇಬ್ಬರೂ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದುಕೊಂಡಿದ್ದರೆ ಸಾಕಿತ್ತು: ಕೋಡ್ ಯಾರದು, ನಕಲು ಎಲ್ಲಿರುತ್ತೆ, ಪ್ರತಿ ರಿಪೇರಿ ಆದ ಮೇಲೆ ಯಾರು ಅಲ್ಲಿಗೆ ಹಾಕ್ತಾರೆ, ಬಿಟ್ಟುಹೋಗುವಾಗ ಬೀಗದ ಕೈ ಯಾರಿಗೆ.

11/11

2023ರ ಏಪ್ರಿಲ್ 1ರಿಂದ ಒಂದು ನಿಯಮ ಇದೆ. ಲೆಕ್ಕದ ಸಾಫ್ಟ್‌ವೇರ್ ಬಳಸೋ ಪ್ರತಿ ಕಂಪನಿಯೂ ಯಾವ ಎಂಟ್ರಿ ಯಾವಾಗ ಬದಲಾಯ್ತು ಅನ್ನೋ ದಾಖಲೆ ಬಿಡೋ ಸಾಫ್ಟ್‌ವೇರನ್ನೇ ಬಳಸಬೇಕು, ಆ ದಾಖಲೆಯನ್ನ ಆಫ್ ಮಾಡೋ ಹಾಗಿರಬಾರದು. ಕ್ಲಾಸಿನಲ್ಲಿ ಇದಕ್ಕೆ ಆಡಿಟ್ ಟ್ರೇಲ್, ಎಡಿಟ್ ಲಾಗ್ ಅಂತ ಹೇಳಿಕೊಟ್ಟರು. ರೋಚ್‌ಕೈಂಡ್ 1972ರಲ್ಲಿ ಕೋಡ್‌ಗೆ ಮಾಡಿದ್ದನ್ನ ಸರ್ಕಾರ ಲೆಕ್ಕಕ್ಕೆ ಕಡ್ಡಾಯ ಮಾಡೋಕೆ 51 ವರ್ಷ ಹಿಡೀತು. ನಮ್ಮ ಅಂಗಡಿ ಕಂಪನಿ ಅಲ್ಲ, ಒಬ್ಬರದೇ ಮಾಲೀಕತ್ವ, ಹಾಗಾಗಿ ಆ ನಿಯಮ ನಮಗೆ ಅನ್ವಯಿಸಲ್ಲ. ಕಾರ್ಬನ್ ಹಾಳೆ ಅನ್ವಯಿಸ್ತು.

ಹದಿನಾರು ದಿನ ಕೈಯಲ್ಲಿ ಬಿಲ್ ಬರೆದೆ. ಆಯುಧ ಪೂಜೆ ದಿನ ಕಂಪ್ಯೂಟರ್‌ಗೆ ಕುಂಕುಮ ಹಚ್ಚಿ, ಪಕ್ಕದಲ್ಲಿ ಬಿಲ್ ಬುಕ್ ಇಟ್ಟು ಅದಕ್ಕೂ ಹಚ್ಚಿದೆವು. ದಸರಾ ರಜೆ ಮುಗಿದು ಸ್ಕೂಲು ಶುರುವಾದರೆ ಗಿರಾಕಿ ಜಾಸ್ತಿ, ಅಷ್ಟರೊಳಗೆ ಏನಾದರೂ ಆಗಬೇಕಿತ್ತು.

ಪುಣೆಯ ಅಣ್ಣನೇ ದಾರಿ ಹೇಳಿದರು. ಯಜಮಾನರ ಹೆಸರಿನಲ್ಲೇ ಗಿಟ್‌ಹಬ್ ಖಾತೆ ತೆರೆದೆವು, ಖಾಸಗಿ ಭಂಡಾರ. ಪಾಸ್‌ವರ್ಡ್ ಅನ್ನ ಯಜಮಾನರು ಲೆಕ್ಕದ ಪುಸ್ತಕದ ಕೊನೇ ಪುಟದಲ್ಲಿ ಬರೆದು ಬೀರುವಿನಲ್ಲಿಟ್ಟರು. ಹಾಗೆ ಮಾಡಬಾರದು ಅಂತ ಗೊತ್ತು, ಆದರೆ ಕಳೆದುಹೋಗೋದಕ್ಕಿಂತ ವಾಸಿ. 2019ರ ಕೋಡನ್ನ ಮೊದಲು ಹಾಗೇ ಹಾಕಿದೆವು. ಆಮೇಲೆ ಅಣ್ಣ ಪುಣೆಯಿಂದ ತಿದ್ದಿ ಕಳಿಸಿದರು, ನಾವು ಇಲ್ಲಿ ಪೆನ್ಸಿಲ್, ರಬ್ಬರ್, ಜಾಮಿಟ್ರಿ ಬಾಕ್ಸ್ ಮೂರರದ್ದೂ ಬಿಲ್ ಹಾಕಿ ನೋಡಿ, ಸರಿ ಇದೆ ಅಂದ ಮೇಲೆ ಸೇರಿಸಿದೆವು. ಒಪ್ಪಿಗೆಯ ಬಟನ್ ಒತ್ತಿದ್ದು ಯಜಮಾನರು, ಎಲ್ಲಿ ಒತ್ತಬೇಕು ಅಂತ ತೋರಿಸಿದ್ದು ನಾನು. ಜೊತೆಗೆ ಒಂದು ಹಾಳೆಯಲ್ಲಿ ಆ ನಾಲ್ಕು ಸಾಲು ಬರೆದು, ಅವಧಿಯನ್ನೂ ಸೇರಿಸಿ, ಇಬ್ಬರ ಸಹಿ ಆಯ್ತು. ಅಣ್ಣನಿಗೆ ಮೂರು ಸಾವಿರ ಕೊಟ್ಟರು. ಅವರು ಬೇಡ ಅಂದರೂ ಕಳಿಸಿದರು.

ತಿದ್ದುಪಡಿಯ ಕಾರಣದ ಜಾಗದಲ್ಲಿ ಅಣ್ಣ ಕನ್ನಡದಲ್ಲೇ ಬರೆದಿದ್ದಾರೆ: "ಪೆನ್ಸಿಲ್‌ಗೆ ತೆರಿಗೆ ಸೊನ್ನೆ." ಮುಂದಿನ ಸ್ಲೈಡ್‌ನಲ್ಲಿ ಅದರ ಫೋಟೋ ಇದೆ.

2021ರಲ್ಲಿ ಸೇರಿಸಿದ್ದ ಕಾರ್ಟನ್ ಡಿಸ್ಕೌಂಟ್ ಮಾತ್ರ ಸಿಗಲಿಲ್ಲ, ಅದು ಮಾರಿದ ಲ್ಯಾಪ್‌ಟಾಪ್ ಜೊತೆ ಹೋಯ್ತು. ಹತ್ತು ಕಾರ್ಟನ್‌ಗಿಂತ ಜಾಸ್ತಿ ತಗೊಂಡವರಿಗೆ ನಾನು ಈಗಲೂ ಕ್ಯಾಲ್ಕುಲೇಟರ್‌ನಲ್ಲಿ ಲೆಕ್ಕ ಹಾಕಿ, ಪ್ರಿಂಟ್ ಆದ ಬಿಲ್ ಮೇಲೆ ಪೆನ್ನಲ್ಲಿ ಕಳೆದು, ಪಕ್ಕದಲ್ಲಿ ಸಹಿ ಹಾಕ್ತೀನಿ.